ಐನೂರು ರೂಪಾಯಿಯ ಟ್ರಿಮ್ಮರ್

ಸೈಬರ್ ಠಾಣೆಯ ಇನ್‌ಸ್ಪೆಕ್ಟರ್ ಸಾಹೇಬರ ಒಂದು ಕೆನ್ನೆಯಲ್ಲಿ ಇನ್ನೂ ನೊರೆ ಇರುವಾಗಲೇ ಕ್ಷೌರಿಕ ಫೋನ್ ಕೈಗೆತ್ತಿಕೊಂಡ. ಐದು ಸಾವಿರದ ಟ್ರಿಮ್ಮರ್ ಐನೂರಕ್ಕೆ ಸಿಗುತ್ತಿತ್ತು. ಆಫರ್ ಮುಗಿಯಲು ಎರಡೇ ನಿಮಿಷ ಬಾಕಿ.

ಟವೆಲ್ ಮಡಚುತ್ತಿದ್ದ ಅಕ್ಕ ಇಣುಕಿದಳು. "ಲೋ, ಕಂಪನಿ ಹೆಸರಲ್ಲೇ ಒಂದಕ್ಷರ ಜಾಸ್ತಿ ಇದೆ. ವಸ್ತು ಬಂದ್ಮೇಲೆ ದುಡ್ಡು ಅನ್ನೋ ಮಾತೇ ಇಲ್ಲ. ಟೋಪಿ ಹಾಕ್ತಾರೆ ನೋಡು."

"ನಿಂಗೇನ್ ಗೊತ್ತಕ್ಕ?" ಎಂದು ಸಿಡುಕಿದ ಅವನು ಸಾಹೇಬರತ್ತ ತಿರುಗಿದ. "ಸಾರ್, ನೀವೇ ಹೇಳಿ."

ಸಾಹೇಬರು ಕನ್ನಡಿಯಿಂದ ಕಣ್ಣು ತಪ್ಪಿಸಿದರು. "ಅಕ್ಕನ ಮಾತು ಕೇಳಯ್ಯ. ನಾನೂ ಅಲ್ಲೇ ತರಿಸಿದ್ದೆ. ಡಬ್ಬ ಬಿಚ್ಚಿದ್ರೆ ಹಲ್ಲುಜ್ಜೋ ಬ್ರಷ್!"

"ಕಂಪ್ಲೇಂಟ್ ಕೊಡ್ಲಿಲ್ವಾ ಸಾರ್?"

"ಯಾವ ಮುಖ ಇಟ್ಕೊಂಡು ಕೊಡ್ಲಿ? ಬರ್ಕೊಳ್ಳೋನೇ ನಾನು!"

ಅಕ್ಕ ಟವೆಲಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಕ್ಷೌರಿಕ ಆರ್ಡರ್ ಅಳಿಸಿ, ತೆಪ್ಪಗೆ ನೊರೆ ಉಳಿದಿದ್ದ ಕೆನ್ನೆಗೆ ಕೈಹಾಕಿದ.