ಶೋಕೇಸಿನೊಳಗಿನ ಫ್ಯಾನು

ನನ್ನ ಮದುವೆಯ ಮಾತುಕತೆಯಲ್ಲಿ ನನಗಿಂತ ಹೆಚ್ಚು ಚರ್ಚೆಯಾದದ್ದು ಕಂಪ್ಯೂಟರಿನ ಬಗ್ಗೆ. ರಾಜಾಜಿನಗರದಲ್ಲಿ ಜಂಬಣ್ಣ ಎಂಬುವರ ಡಿ.ಟಿ.ಪಿ. ಅಂಗಡಿಯಲ್ಲಿ ನಾನು ಕನ್ನಡ ಟೈಪಿಂಗ್ ಮಾಡುತ್ತಿದ್ದೆ. ಶಾಲೆಯ ಗೈಡು, ಲಗ್ನಪತ್ರಿಕೆ, ಸಹಕಾರ ಸಂಘದ ವರದಿ, ಹೀಗೆ ಕೈಗೆ ಬಂದದ್ದೆಲ್ಲ. ಮದುವೆಯಾದ ಮೇಲೂ ಕೆಲಸ ಬಿಡುವುದಿಲ್ಲ ಎಂದು ನಾನು ಪಟ್ಟು ಹಿಡಿದಾಗ, ಹುಡುಗನ ತಂದೆ ಮರಿಯಪ್ಪನವರು ಹತ್ತು ಜನರೆದುರು ಮೀಸೆ ಸವರಿಕೊಂಡು, ಕೆಲಸ ಯಾಕೆ ಬಿಡಬೇಕು, ಮನೆಗೇ ಕಂಪ್ಯೂಟರ್ ತರಿಸುತ್ತೇವೆ ಅಂದರು. ಎಲ್ಲರೂ ತಲೆದೂಗಿದರು. ನಾನೂ ದೂಗಿದೆ. ಆಗ ಅದು ಉಡುಗೊರೆಯಂತೆ ಕೇಳಿಸಿತ್ತು.

ಅನ್ನಪೂರ್ಣೇಶ್ವರಿ ನಗರದ ಆ ಮನೆ ಹಿಂದೆ ಅವರದೇ ರಾಗಿ ಹೊಲವಿದ್ದ ಜಾಗದಲ್ಲಿ ಎದ್ದದ್ದು. ಹೊಲ ಸೈಟುಗಳಾಗಿ ಹೋಗಿ, ಉಳಿದ ತುಂಡಿನ ಮೇಲೆ ಮೂರು ಅಂತಸ್ತು ನಿಂತಿತ್ತು. ನನ್ನ ಗಂಡ ಗೌತಮ್ ಮಾಗಡಿ ರಸ್ತೆಯಲ್ಲಿ ಸಿಮೆಂಟು ಕಬ್ಬಿಣದ ಅಂಗಡಿ ಇಟ್ಟಿದ್ದ. ಮಾವ ಬಾಡಿಗೆದಾರರ ಮೇಲೆ ರೇಗುತ್ತ ಹೊತ್ತು ಕಳೆಯುತ್ತಿದ್ದರು. ಹೊಡೆಯುವ ಬಡಿಯುವ ಮನೆಯಲ್ಲ, ಸುಳ್ಳು ಹೇಳಬಾರದು. ಹೊತ್ತು ಹೊತ್ತಿಗೆ ಊಟ, ಹಬ್ಬಕ್ಕೆ ರೇಷ್ಮೆ ಸೀರೆ. ಆದರೆ ಹೊರಗೆ ಹೋಗಿ ಬರುತ್ತೇನೆ ಅಂದರೆ ಸಾಕು, ಏನು ಬೇಕು ಹೇಳು ತರಿಸೋಣ ಅನ್ನುತ್ತಿದ್ದರು. ನನಗೆ ಬೇಕಾಗಿದ್ದದ್ದು ಹೊರಗೆ ಹೋಗುವುದೇ. ಅದನ್ನು ಯಾರ ಕೈಲಿ ತರಿಸುವುದು?

ಕಂಪ್ಯೂಟರ್ ಬಂತು. ಟಿಫನ್ ಕ್ಯಾರಿಯರಿಗಿಂತ ತುಸು ದೊಡ್ಡದಾದ ಒಂದು ಪುಟ್ಟ ಪೆಟ್ಟಿಗೆ. ಗೌತಮ್ ಅದನ್ನೇ ಆರಿಸಿದ್ದಕ್ಕೆ ಕಾರಣ ಸರಳ, ಅದು ಹಾಲ್‌ನಲ್ಲಿದ್ದ ತೇಗದ ಶೋಕೇಸಿನ ಖಾನೆಯಲ್ಲಿ ಸರಿಯಾಗಿ ಕೂರುತ್ತಿತ್ತು. ಎಡಕ್ಕೆ ಮಾವನ ಸನ್ಮಾನದ ಫಲಕಗಳು, ಬಲಕ್ಕೆ ಗಾಜಿನ ನವಿಲು, ನಡುವೆ ನನ್ನ ಉದ್ಯೋಗ. ಅತ್ತೆ ಪಟಾಲಮ್ಮನವರು ಅದಕ್ಕೆ ಝಾಲರಿ ಹಚ್ಚಿದ ಹೂವಿನ ಬಟ್ಟೆಯ ಕವರು ಹೊಲಿದರು. ಅದು ಮನೆಗೆ ಬಂದ ಲಕ್ಷ್ಮಿ ಎಂದು ಆಯುಧಪೂಜೆಗಷ್ಟೇ ಬಿಡದೆ, ಪ್ರತಿ ಶುಕ್ರವಾರ ಕವರು ಎತ್ತಿ, ಪೆಟ್ಟಿಗೆಯ ನೆತ್ತಿಗೆ ವಿಭೂತಿ ಬಳಿದು, ಅರಿಶಿನ ಕುಂಕುಮ ಇಟ್ಟು, ಸೇವಂತಿಗೆ ಏರಿಸುತ್ತಿದ್ದರು. ಗಾಳಿ ಎಳೆದುಕೊಳ್ಳುವ ಸೀಳುಗಳು ಇದ್ದದ್ದು ಅದೇ ನೆತ್ತಿಯ ಮೇಲೆ.

ಒಂದು ವರ್ಷ ತುಂಬುವುದರೊಳಗೆ ಒಳಗಿನ ಫ್ಯಾನು ಗೋಳಾಡತೊಡಗಿತು. ಮೊದಮೊದಲು ಗುಂಯ್ ಅನ್ನುತ್ತಿದ್ದದ್ದು ಆಮೇಲೆ ಹಿಟ್ಟಿನ ಗಿರಣಿಯೇ ಆಯಿತು. ಪೆಟ್ಟಿಗೆ ಮುಟ್ಟಿದರೆ ಕೈ ಸುಡುತ್ತಿತ್ತು. ನಾಲ್ಕು ಪುಟ ಟೈಪ್ ಮಾಡುವಷ್ಟರಲ್ಲಿ ಪರದೆ ಕಪ್ಪಾಗಿ ಎಲ್ಲವೂ ಆರಿಹೋಗುತ್ತಿತ್ತು. ಪಠ್ಯಪುಸ್ತಕದ ಗೈಡುಗಳಿಗೆ ಗಡುವು ಬಂದಾಗ ಜಂಬಣ್ಣನವರು ಫೋನ್ ಮಾಡಿ, ಅಲ್ಲಾಗದಿದ್ದರೆ ಇಲ್ಲಿಗೆ ಬಂದು ಮುಗಿಸಮ್ಮ, ಒಂದು ಸಿಸ್ಟಂ ಖಾಲಿ ಇದೆ ಅಂದರು. ಮಾವನಿಗೆ ಇಕ್ಕಟ್ಟು. ಹತ್ತು ಜನರೆದುರು ಕೊಟ್ಟ ಮಾತು. ಕೊನೆಗೆ, ಹೋಗಲಿ, ಆದರೆ ಒಂಟಿಯಾಗಿ ಬೇಡ, ಅತ್ತೆ ಜೊತೆಗಿರಲಿ ಎಂದು ತೀರ್ಪಾಯಿತು.

ಹೀಗೆ ವಾರಕ್ಕೆ ಎರಡು ಮೂರು ಸಲ ನಾನೂ ನನ್ನ ಕಾವಲೂ ಬಸ್ಸು ಹತ್ತುತ್ತಿದ್ದೆವು. ನನಗೆ ಅದೇ ಸ್ವರ್ಗ. ಡಾ. ರಾಜ್‌ಕುಮಾರ್ ರಸ್ತೆಯ ಗದ್ದಲ, ಅಂಗಡಿಯ ಹುಡುಗಿಯರ ಹರಟೆ, ಪ್ರಿಂಟರಿನ ಬಿಸಿ ಕಾಗದದ ವಾಸನೆ, ಯಾರೂ ನನ್ನನ್ನು ಸೊಸೆ ಎಂದು ಕರೆಯದ ಒಂದಿಷ್ಟು ಹೊತ್ತು. ಅತ್ತೆ ಮಾತ್ರ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಸೆರಗು ಹೊದ್ದು ಕೂತು, ಯಾವ ಗಂಡಸು ನನ್ನ ಟೇಬಲ್ಲಿಗೆ ಬಂದ, ಎಷ್ಟು ಹೊತ್ತು ನಿಂತ ಎಂದು ನೋಡುತ್ತಿದ್ದರು. ಕೆಲವು ವಾರಗಳಾದ ಮೇಲೆ ಪಕ್ಕದ ಬೈಂಡಿಂಗ್ ಅಂಗಡಿಯ ಯಶೋದಮ್ಮ ಅವರನ್ನು ಒಳಗೆ ಕರೆದು ಕೂರಿಸಿಕೊಂಡಳು. ಅಲ್ಲಿ ಹೆಂಗಸರು ಪುಸ್ತಕದ ಹಾಳೆ ಮಡಿಸುತ್ತಿದ್ದರು. ಅತ್ತೆಯೂ ಕೈ ಹಾಕಿದರು. ಅಲ್ಲಿಂದ ನನ್ನ ಟೇಬಲ್ಲು ನೇರ ಕಾಣುತ್ತಿತ್ತು, ನನ್ನ ಕಡೆ ಒಂದು ಕಣ್ಣಿಡಲು ಇನ್ನೂ ಅನುಕೂಲ ಎಂದು ನಾನು ಮನಸ್ಸಿನಲ್ಲೇ ಬೈದುಕೊಂಡೆ.

ಫ್ಯಾನು ಯಾಕೆ ಒದ್ದಾಡುತ್ತಿದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಜಂಬಣ್ಣನವರು ತಿಂಗಳಿಗೊಮ್ಮೆ ಎಲ್ಲ ಪೆಟ್ಟಿಗೆ ಬಿಚ್ಚಿ ಧೂಳು ಊದಿಸುವುದನ್ನು ನೋಡಿಯೇ ಕೆಲಸ ಕಲಿತವಳು ನಾನು. ಪೂಜೆ ಬೇಡ, ಕವರು ತೆಗೆಯಿರಿ, ಶೋಕೇಸಿನಿಂದ ಹೊರಗಿಡಿ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಶುಕ್ರವಾರ ಬಂದರೆ ಸೇವಂತಿಗೆಯನ್ನು ನಾನೇ ಬಿಡಿಸಿ ತಟ್ಟೆಗಿಡುತ್ತಿದ್ದೆ. ಹೇಳಬೇಕಿತ್ತು ಎಂದು ಯಾರಾದರೂ ಅಂದರೆ ಇವತ್ತಿಗೂ ಜಗಳಕ್ಕೆ ನಿಲ್ಲುತ್ತೇನೆ. ಬೇರೆ ಯಾವ ಬಾಗಿಲು ನನಗೆ ತೆರೆದಿತ್ತು?

ಆದರೆ ಗಂಡಸರಿಗೆ ಸದ್ದು ತಡೆಯಲಾಗಲಿಲ್ಲ. ಮಾವ ಟಿ.ವಿ.ಯಲ್ಲಿ ವಾರ್ತೆ ನೋಡುವಾಗ ಪಕ್ಕದಲ್ಲಿ ಈ ಗಿರಣಿ. ಒಂದು ಭಾನುವಾರ ಬೆಳಿಗ್ಗೆ ಗೌತಮ್ ನಗುನಗುತ್ತ ಬಂದು, ನಿನಗೊಂದು ಒಳ್ಳೆಯ ಸುದ್ದಿ ಅಂದ. ಹಿಂದೆಯೇ ಬ್ಯಾಗು ಹೊತ್ತ ಯುವಕ. ಹೆಸರು ರುದ್ರೇಶ. ಕೊಪ್ಪಳದ ಕಡೆಯಿಂದ ಬಂದು ವಿಜಯನಗರದ ಕಂಪ್ಯೂಟರ್ ಅಂಗಡಿಯೊಂದರಲ್ಲಿ ರಿಪೇರಿ ಮಾಡುತ್ತಿದ್ದವನು. ಪಾಪ, ಗೌತಮ್ ನನ್ನ ಮುಖವನ್ನೇ ನೋಡುತ್ತಿದ್ದ, ಖುಷಿಯಾಗಲಿ ಎಂದು. ಖುಷಿಯಾಗಿದೆ ಅಂದೆ.

ರುದ್ರೇಶ ಪೆಟ್ಟಿಗೆಯನ್ನು ಚಾಪೆಯ ಮೇಲಿಟ್ಟು, ಮೊದಲು ಹಾಗೇ ಆನ್ ಮಾಡಿ ಕಿವಿಗೊಟ್ಟ. ಮೇಲಿನ ಬಣ್ಣ ಕಂಡು ಬೆರಳಿನಿಂದ ಒರೆಸಿ ನೋಡಿಕೊಂಡ. ಆಮೇಲೆ ತಲೆ ಅಲ್ಲಾಡಿಸಿದ.

"ಇಷ್ಟ್ ಸಣ್ಣ ಫ್ಯಾನ್ ಎಸ್.ಪಿ. ರೋಡಿನ ಮಾರ್ಕೆಟ್ಟಿನ್ಯಾಗೂ ಸಿಗೂದು ಕಷ್ಟ ಐತ್ರಿ. ಫ್ಯಾನ್ ಸುಟ್ಟಿತ್ತಂದ್ರ ಈ ಡಬ್ಬಿ ಆಸೆ ಬಿಡ್ರಿ."

ಆ ಮಾತು ಕೇಳಿ ನನ್ನ ಎದೆ ಹಗುರವಾಯಿತು. ಬಿಟ್ಟೆವು, ಬಿಟ್ಟೆವು ಎಂದು ಒಳಗೇ ಕುಣಿದೆ. ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹೆಚ್ಚು ಹಾಕಿ ತಂದುಕೊಟ್ಟೆ.

ಅವನು ಕರೆಂಟು ತೆಗೆದು, ಸ್ಕ್ರೂ ಬಿಚ್ಚಿ, ಮುಚ್ಚಳ ಎತ್ತಿದ. ಒಳಗೆ ನೋಡಬೇಕಿತ್ತು, ಜಾತ್ರೆ ಮುಗಿದ ಮರುದಿನದ ಗುಡಿಯ ಅಂಗಳ. ಕುಂಕುಮ, ವಿಭೂತಿ, ಒಣಗಿದ ಎಸಳು, ಕವರಿನ ನೂಲೆಳೆ ಎಲ್ಲ ಸೇರಿ ಫ್ಯಾನಿನ ರೆಕ್ಕೆಗಳಿಗೂ ಅದರಡಿಯ ಅಲ್ಯೂಮಿನಿಯಂ ಹಲ್ಲುಗಳಿಗೂ ಕಂಬಳಿ ಹೊದಿಸಿದ್ದವು. ಫ್ಯಾನು ಬಿಚ್ಚಿ ಬ್ರಷ್ಷಿನಿಂದ ಕೆರೆದ. ಅದರ ಬೆನ್ನಿನ ಚೀಟಿ ಎಬ್ಬಿಸಿ ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಬಿಟ್ಟು ಬೆರಳಲ್ಲಿ ತಿರುಗಿಸಿದ. ತಿರುಗಿತು. ಪ್ರೊಸೆಸರಿನ ಮೇಲೆ ಒಣಗಿ ಸುಣ್ಣವಾಗಿದ್ದ, ಬಿಸಿ ಹೀರುವ ಹಳೆಯ ಪೇಸ್ಟನ್ನು ಬಟ್ಟೆಯಿಂದ ಉಜ್ಜಿ ತೆಗೆದು, ಹೊಸದನ್ನು ಅಕ್ಕಿಕಾಳಿನಷ್ಟು ಇಟ್ಟು ಎಲ್ಲ ಮತ್ತೆ ಜೋಡಿಸಿದ. ಸ್ವಿಚ್ ಹಾಕಿದರೆ ಸದ್ದೇ ಇಲ್ಲ. ಕೆಟ್ಟಿರಲಿಲ್ಲ, ಉಸಿರು ಕಟ್ಟಿತ್ತು ಅಷ್ಟೇ ಅಂದ. ಬಹಳ ಹೊತ್ತು ಓಡಿಸಿ, ಕೈಯಿಟ್ಟು ಬಿಸಿ ನೋಡಿ, ಮತ್ತೆ ಆರಿಸಿದ. ಇನ್ನು ಮುಚ್ಚಳ ಹಾಕುವುದೊಂದೇ ಬಾಕಿ. ಕೈಗೆಲ್ಲ ಕುಂಕುಮ ಮೆತ್ತಿದೆ ಎಂದು ಎದ್ದ. ಮಾವ ಹಿತ್ತಲಿನ ನಲ್ಲಿ ತೋರಿಸಲು ಜೊತೆಗೆ ಹೋದರು. ಗೌತಮ್ ಬಾಲ್ಕನಿಯಲ್ಲಿ ಯಾರೋ ಗಿರಾಕಿಯೊಂದಿಗೆ ಫೋನಿನಲ್ಲಿದ್ದ.

ತೆರೆದ ಪೆಟ್ಟಿಗೆಯ ಮುಂದೆ ನಾನೊಬ್ಬಳೇ ಉಳಿದೆ.

ಫ್ಯಾನಿನಿಂದ ಹೊರಟ ತೆಳ್ಳನೆಯ ವೈರು ಬೋರ್ಡಿನ ಮೇಲೆ ಒಂದು ಪುಟ್ಟ ಪ್ಲಗ್ಗಿನಲ್ಲಿ ಕೂತಿತ್ತು. ಅದನ್ನು ಕೊಂಚ ಎಬ್ಬಿಸಿಟ್ಟರೆ ಸಾಕು. ಅವನ ಪರೀಕ್ಷೆ ಮುಗಿದಿದೆ. ಅವನು ಮುಚ್ಚಳ ಹಾಕಿ ಹೋಗುತ್ತಾನೆ, ನಾಳೆ ಪೆಟ್ಟಿಗೆ ಕಾದು ಆರಿಹೋಗುತ್ತದೆ, ಹಾಳು ಡಬ್ಬಿ ಎಂದು ಎಲ್ಲರೂ ಕೈ ಚೆಲ್ಲುತ್ತಾರೆ, ನಾನು ಬಸ್ಸು ಹತ್ತುತ್ತೇನೆ. ವೈರನ್ನು ಎರಡು ಬೆರಳಲ್ಲಿ ಹಿಡಿದೆ. ತಲೆ ಎತ್ತಿದರೆ ಅತ್ತೆ ಬಾಗಿಲಲ್ಲಿ ನಿಂತಿದ್ದರು. ನನ್ನ ಬೆರಳುಗಳನ್ನು ನೋಡಿದರು, ಹಿತ್ತಲ ಕಡೆ ತಿರುಗಿದರು, ಮತ್ತೆ ನನ್ನ ಬೆರಳುಗಳನ್ನು ನೋಡಿದರು. ಈಗ ಮಾವನನ್ನು ಕೂಗುತ್ತಾರೆ ಅಂದುಕೊಂಡೆ. ವೈರು ಬಿಟ್ಟು, ಏನೋ ಧೂಳು ಒರೆಸುವವಳಂತೆ ಸೆರಗು ಆಡಿಸಿದೆ. ಅತ್ತೆ ಅಡುಗೆಮನೆಗೆ ಹೋದರು.

ರುದ್ರೇಶ ಮುಚ್ಚಳ ಬಿಗಿದು, ಅದರ ಅಂಚಿನ ಮೇಲೆ ತನ್ನ ಅಂಗಡಿಯ ಸ್ಟಿಕ್ಕರ್ ಅಂಟಿಸಿದ. ಇದು ಹರಿದಿದ್ದರೆ ಗ್ಯಾರಂಟಿ ಇಲ್ಲ, ಬೇರೆ ಯಾರೂ ಬಿಚ್ಚಬಾರದು ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಮೇಲೆ ಏನೂ ಹಚ್ಚಬೇಡಿ, ಬಟ್ಟೆ ಹೊದಿಸಬೇಡಿ, ಮುಚ್ಚಿದ ಖಾನೆಯಲ್ಲಿ ಇಟ್ಟರೆ ಗಾಳಿಯಾಡುವುದಿಲ್ಲ ಎಂದೂ ಸೇರಿಸಿದ. ಮಾವ ಅದನ್ನು ಶಿರಸಾವಹಿಸಿದರು. ಮರುದಿನವೇ ಬಡಗಿಯನ್ನು ಕರೆಸಿ ಶೋಕೇಸಿನ ಬೆನ್ನಿಗೆ ಸಾಲಾಗಿ ತೂತು ಕೊರೆಸಿದರು, ಸಾಲದೆಂದು ಹಿಂದಿನ ಗೋಡೆಗೂ ಒಂದು ಕಿಂಡಿ ಇಡಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಒಂದು ತಗಡಿನ ಪೆಟ್ಟಿಗೆಗೆ ಗಾಳಿ ಬೇಕೆಂದು ಯಾರೋ ಅಂದದ್ದಕ್ಕೆ ಮಾರನೆಯ ದಿನವೇ ಗೋಡೆ ಕೊರೆಸುವ ಜನ ಇವರು. ನಾನು ಕೇಳಿದರೆ ಮಾತ್ರ ಏನು ಬೇಕು ಹೇಳು, ತರಿಸೋಣ.

ಆಮೇಲೆ ಎಲ್ಲವೂ ಸಲೀಸಾಯಿತು. ಜಂಬಣ್ಣನವರ ಹಸ್ತಪ್ರತಿಗಳನ್ನು ಗೌತಮ್ ಬೈಕಿನಲ್ಲಿ ತರುತ್ತಿದ್ದ, ನಾನು ಟೈಪ್ ಮಾಡಿ ಸಿ.ಡಿ.ಗೆ ಹಾಕಿಟ್ಟರೆ ಅವನೇ ಕೊಟ್ಟು ಬರುತ್ತಿದ್ದ. ಮನೆಗೆ ಬಂದವರಿಗೆಲ್ಲ ಮಾವ ಶೋಕೇಸು ತೋರಿಸಿ, ನೋಡಿ, ನಮ್ಮ ಸೊಸೆ ಹೊಸ್ತಿಲು ದಾಟದೆ ಸಂಪಾದಿಸುತ್ತಾಳೆ ಎನ್ನುತ್ತಿದ್ದರು. ನಾನು ಪರದೆಗೆ ಮುಖ ಕೊಟ್ಟು ಕೂತಿರುತ್ತಿದ್ದೆ. ಪೆಟ್ಟಿಗೆ ಈಗ ನಡುವೆ ಆರಿಹೋಗುತ್ತಲೇ ಇರಲಿಲ್ಲ. ಕೆಲವೊಮ್ಮೆ ಸುಮ್ಮನೆ ಅದರ ಮೇಲೆ ಅಂಗೈ ಇಟ್ಟು ನೋಡುತ್ತಿದ್ದೆ. ತಣ್ಣಗಿರುತ್ತಿತ್ತು. ಅಳು ಬಂದರೆ ಟೈಪ್ ಮಾಡುತ್ತಲೇ ಅಳುತ್ತಿದ್ದೆ, ಹಿಂದಿನಿಂದ ನೋಡಿದವರಿಗೆ ಗೊತ್ತಾಗುತ್ತಿರಲಿಲ್ಲ.

ಅತ್ತೆಗೆ ಮಾತ್ರ ಏನೋ ಆಗಿತ್ತು. ಸಾರಿಗೆ ಉಪ್ಪು ಹಾಕುವುದು ಮರೆಯುತ್ತಿದ್ದರು. ಬೆಳಿಗ್ಗೆಯ ಪೇಪರನ್ನು ಮಡಿಸಿ, ಮತ್ತೆ ಮಡಿಸಿ, ಉಗುರಿನಿಂದ ಅಂಚು ತೀಡಿ ಬದಿಗಿಡುತ್ತಿದ್ದರು. ನನ್ನೊಂದಿಗೆ ಮುಖ ಕೊಟ್ಟು ಮಾತಿಲ್ಲ. ವೈರು ಹಿಡಿದದ್ದನ್ನು ಕಂಡ ಸಿಟ್ಟು ಎಂದುಕೊಂಡೆ. ಎಂದಾದರೂ ಒಂದು ದಿನ ಗಂಡಸರ ಮುಂದೆ ಹೇಳಿಯೇ ಹೇಳುತ್ತಾರೆ ಎಂದು ಒಳಗೊಳಗೇ ಕಾಯುತ್ತಿದ್ದೆ.

ಒಂದು ಮಧ್ಯಾಹ್ನ ಮಾವ ಊಟ ಮಾಡಿ ಮಲಗಿದ್ದರು. ಅತ್ತೆ ಒಂದು ಲೋಟ ಮಜ್ಜಿಗೆ ತಂದು ನನ್ನ ಪಕ್ಕದಲ್ಲಿಟ್ಟು, ನೆಲದ ಮೇಲೆ ಶೋಕೇಸಿಗೆ ಒರಗಿ ಕೂತರು. ಆಮೇಲೆ ಯಶೋದಮ್ಮನಿಗೆ ಆ ವರ್ಷದ ಗೈಡುಗಳ ಹಾಳೆ ಮಡಿಸುವುದು ಮುಗಿಯಿತಂತಾ, ಬೇರೆ ಯಾರನ್ನಾದರೂ ಸೇರಿಸಿಕೊಂಡಳಂತಾ ಎಂದು ವಿಚಾರಿಸಿದರು. ನನಗೆ ಗೊತ್ತಿರಲಿಲ್ಲ.

"ಮತ್ತೆ ಕೆಡಲ್ವೇನೇ ಇದು?" ಅಂದರು.

ಸದ್ಯಕ್ಕೆ ಕೆಡುವುದಿಲ್ಲ, ತುಂಬ ವರ್ಷ ಓಡುತ್ತದೆ ಅಂದೆ. ಅವರು ತಲೆ ಎತ್ತಿ ಸ್ಟಿಕ್ಕರನ್ನು ನೋಡಿದರು.

"ಅವತ್ತು ಆ ವೈರು ಕೈಲಿ ಹಿಡ್ಕೊಂಡಿದ್ದೆಯಲ್ಲ. ಯಾಕೆ ಬಿಟ್ಟೆ?"

ಕೀಲಿಮಣೆಯಿಂದ ಕೈ ತೆಗೆದೆ.

"ನೀವು ನೋಡ್ತಾ ನಿಂತಿದ್ರಲ್ಲ ಅತ್ತೆ."

ಅತ್ತೆ ನನ್ನನ್ನು ದಿಟ್ಟಿಸಿದರು. ಆ ಮುಖದಲ್ಲಿದ್ದದ್ದು ಸಿಟ್ಟಲ್ಲ, ದುಃಖ. ಇಷ್ಟು ದಿನ ಒಂದೇ ಸೂರಿನಡಿ ಇದ್ದೂ ನಾನು ಅದನ್ನು ಗುರುತಿಸಿರಲಿಲ್ಲ.

"ನಾನು ಬಾಗಿಲಲ್ಲಿ ನಿಂತಿದ್ದು ನಿಮ್ಮಾವ ಬಂದ್ರಾ ಅಂತ ನೋಡೋಕೆ ಕಣೇ," ಅಂದರು. ಮಾವ ಒಳಗೆ ಕೆಮ್ಮಿದ್ದು ಕೇಳಿಸಿತು. ಅತ್ತೆ ಮೊಣಕಾಲು ಹಿಡಿದುಕೊಂಡು ಎದ್ದು, ಕಾಫಿಗೆ ಹಾಲು ಕಾಯಿಸಲು ಹೋದರು.