ಊಟದ ಮೇಲಿನ ಹಾರೈಕೆ

ಬೆಂದ ಕುರಿತಲೆಯ ವಾಸನೆಗೇ ಅಶಿರ್‌ಬೆಕ್‌ನ ಮುಖ ಪಕ್ಕಕ್ಕೆ ತಿರುಗಿತು. ಮೂವತ್ತೊಂದು ವರ್ಷ ಗಡಿಯ ಕಡತಗಳನ್ನೇ ಹಾಸಿ ಹೊದ್ದ ರಾಯಭಾರಿ ಅವನು. ಇಂಥ ಕಿರ್ಗಿಜ್ ಗುಡಾರಗಳಲ್ಲಿ ಎಷ್ಟು ಕುರಿ ಉಂಡು ಎಷ್ಟು ಒಪ್ಪಂದ ಮುಗಿಸಿದ್ದನೋ.

ಈ ಸಲದ ಗಡಿನಕ್ಷೆ ರಾಜಧಾನಿಯಲ್ಲೇ ನಿಗದಿಯಾಗಿತ್ತು. ಹೆದ್ದಾರಿಯೊಂದು ತಮ್ಮ ದೇಶಕ್ಕೆ, ಈ ಊರು ಕುಡಿಯುವ ಬುಗ್ಗೆ ನೆರೆದೇಶಕ್ಕೆ. ಊರು ಒಪ್ಪಿತೆಂಬ ಒಂದು ಸಾಲಷ್ಟೇ ಬಾಕಿ. ಊರಿಗೆ ಹೇಳಿದ್ದು ಮಾತ್ರ, ಗಡಿಯಲ್ಲಿ ಶಾಂತಿಯೆಂದು.

ಪಕ್ಕದಲ್ಲಿ ಕುಳಿತ ಉಪಸಚಿವ ಕುಬಾತ್ ಪಿಸುಗುಟ್ಟಿದ. “ಅಣ್ಣಾ, ಕುರಿತಲೆ ನೀವೇ ಕೊಡಿ ಊರ ಅಜ್ಜನಿಗೆ. ಉಂಡು ಅಂಗೈ ಎತ್ತಿ ಹರಸಿಬಿಟ್ರೆ ಮುಗೀತು. ಹರಸಿದ್ಮೇಲೆ ಈ ಜನ ಹಿಂದೆ ಸರಿಯಲ್ಲ.”

“ಯಾರು ಹೇಳಿಕೊಟ್ರು ನಿಂಗೆ?”

“ನೀವೇ. ನಿಮ್ಮ ಟಿಪ್ಪಣಿ ಓದೇ ಅಲ್ವಾ ನಾವೆಲ್ಲ ಇಲಾಖೆ ಪರೀಕ್ಷೆ ಪಾಸಾಗಿದ್ದು?”

ಹೌದು, ಅವನೇ ಬರೆದಿದ್ದ. ಹಿರಿಯನಿಗೆ ತಲೆ ಬಡಿಸಿ, ಹಾರೈಕೆ ಪಡೆಯಿರಿ. ಅದು ಸಹಿಗಿಂತ ಗಟ್ಟಿ. ಆ ಟಿಪ್ಪಣಿಗೆ ಪದಕವೂ ಬಂದಿತ್ತು. ಈಗ ತನ್ನ ನಾಲಿಗೆಯೇ ಜಿಡ್ಡುಗಟ್ಟಿದಂತೆ ಅವನಿಗೆ ಅಸಹ್ಯವಾಯಿತು. ಆದರೂ ಕೈ ತಟ್ಟೆ ಎತ್ತಿತು. ಕೈಗೆ ಅದೇ ರೂಢಿ.

ಊರ ಹಿರಿಯ ಮೊಲ್ದೊಕನ್ ನಕ್ಕ. “ನಂಗ್ಯಾಕಪ್ಪ ತಲೆ? ಸಚಿವರಿಗೆ ಕೊಡು, ಅವರಿಗೇ ಬೇಕಾಗಿರೋದು.”

ಗುಡಾರವೆಲ್ಲ ನಕ್ಕಿತು. ಕುಬಾತ್ ಎಲ್ಲರಿಗಿಂತ ಜೋರಾಗಿ ನಕ್ಕು ಕುದುರೆಹಾಲಿನ ಬಟ್ಟಲು ಬರಿದು ಮಾಡಿದ. ಮುದುಕ ನಿಧಾನವಾಗಿ ಉಂಡ, ಮೂಳೆ ಚೀಪಿದ, ಗಡ್ಡ ಒರೆಸಿಕೊಂಡ. ಬಳಿಕ ದೇವರ ಹೆಸರೆತ್ತಿ ಎರಡೂ ಅಂಗೈ ಚಾಚಿದ. ಜನವೆಲ್ಲ ಅಂಗೈ ಚಾಚಿದರು. ಕುಬಾತ್ ಎಲ್ಲರಿಗಿಂತ ಭಕ್ತಿಯಿಂದ ಕಣ್ಣು ಮುಚ್ಚಿದ.

ಆ ಮುಚ್ಚಿದ ಕಣ್ಣು ಕಂಡದ್ದೇ ಅಶಿರ್‌ಬೆಕ್‌ಗೆ ತಡೆಯಲಾಗಲಿಲ್ಲ. ಹರಸುವ ಹಿರಿಯನ ಕೈಯನ್ನು ಯಾರೂ ಮುಟ್ಟುವಂತಿಲ್ಲ. ಆದರೂ ಅವನು ಮುದುಕನ ಎರಡೂ ಕೈ ಹಿಡಿದು ಕೆಳಗೆ ಒತ್ತಿದ.

“ಹರಸಬೇಡಿ ಅಜ್ಜಾ. ಬುಗ್ಗೆ ಎಲ್ಲಿಗೆ ಹೋಗುತ್ತೆ ಅಂತ ಮೊದಲು ಕೇಳಿ.”

“ಎಲ್ಲಿಗೆ?”

“ಗಡಿಯಾಚೆಗೆ. ಗೆರೆ ಎಳೆದವನು ನಾನೇ.”

ಮುದುಕ ಕೈ ಬಿಡಿಸಿಕೊಂಡು, ಅವನು ಮುಟ್ಟಿದ ಜಾಗವನ್ನು ಟವೆಲಿನಿಂದ ತಿಕ್ಕಿ ಒರೆಸಿದ.

“ಇದನ್ನ ಹೇಳೋಕೆ ನನ್ನ ಊಟ ಮುಗಿಯೋತನಕ ಕಾದೆಯೇನೋ?”

ಒಂದೊಂದಾಗಿ ಅಂಗೈಗಳು ಮಡಿಲಿಗೆ ಇಳಿದವು. ಕುಬಾತನವೆರಡು ಮಾತ್ರ ಇನ್ನೂ ಚಾಚಿಕೊಂಡೇ ಇದ್ದವು, ಕೊಬ್ಬಿನಿಂದ ಹೊಳೆಯುತ್ತ.