ಸಿರಪ್ಪಿನಲ್ಲಿ ಕಾಣದೆ ಉಳಿದದ್ದು

ಮಾರ್ಚ್ ಕೊನೆ ಬಂದರೆ ನಾಬುಲ್ ಊರಿನ ಅಂಗಳಗಳಲ್ಲಿ ಕಿತ್ತಳೆ ಹೂವಿನ ನೀರು ಭಟ್ಟಿ ಇಳಿಸುವ ಕಾಲ. ಮೋಂಜಿಯಾ ಒಲೆಯ ಮುಂದೆ ಕೂತಿದ್ದರು. ಅವರ ಮೊಮ್ಮಗಳು, ಮೂರು ವರ್ಷದ ಲೀನಾ, ಜ್ವರದಿಂದ ಚಾಪೆಯ ಮೇಲೆ ಮಲಗಿದ್ದಳು. ಮಗ ತಂದುಕೊಟ್ಟ ಸಿರಪ್ಪನ್ನು ಮೋಂಜಿಯಾ ಚಮಚಕ್ಕೆ ಸುರಿಯುತ್ತಿದ್ದಾಗ ಪಕ್ಕದ ಮನೆಯ ವಸೀಲಾ ಒಳಬಂದಳು. ಆಕೆಯ ಕೆಲಸ ಔಷಧಿ ಪರೀಕ್ಷಿಸುವ ಪ್ರಯೋಗಾಲಯದಲ್ಲಿ. ಮೋಂಜಿಯಾರನ್ನು ಆಕೆ ಖಾಲ್ತಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದಳು.

“ತಡೀರಿ ಖಾಲ್ತಿ. ಇದನ್ನ ಎಲ್ಲಿಂದ ತಂದ್ರಿ?”

“ಬಂದ್ಬಿಟ್ಲು ಪೊಲೀಸಮ್ಮ! ಸಂತೆಯಿಂದ. ಪರೀಕ್ಷೆ ಆಗಿದೆ, ಕಾಗದಾನೂ ಕೊಟ್ಟಿದ್ದಾರೆ, ನೋಡು.”

ಬಾಟಲಿಯ ಚೀಟಿಯಲ್ಲಿ ಹೇಳಿದಷ್ಟೇ ಜ್ವರದ ಮದ್ದು ಇದೆ ಎಂದು ಕಾಗದದಲ್ಲಿತ್ತು.

“ಇದು ಸುಳ್ಳಲ್ಲ ಖಾಲ್ತಿ. ಆದ್ರೆ ಒಂದೇ ಕಣ್ಣಲ್ಲಿ ನೋಡಿದ್ದಾರೆ.”

“ಔಷಧಿಗೆ ಎಷ್ಟು ಕಣ್ಣು ಬೇಕೇ ತಾಯಿ?”

ವಸೀಲಾ ಒಂದು ಲೋಟಕ್ಕೆ ನಲ್ಲಿ ನೀರು, ಇನ್ನೊಂದಕ್ಕೆ ಆಗತಾನೇ ಇಳಿಸಿದ ಹೂವಿನ ನೀರು ಹಾಕಿ ತಂದಳು. “ಯಾವುದು ಯಾವುದು ಹೇಳಿ. ಮೂಸೋ ಹಾಗಿಲ್ಲ.”

“ನನಗೇ ಪರೀಕ್ಷೇನಾ? ಕಣ್ಣಿಗೆ ಎರಡೂ ನೀರೇ. ಮೂಗಿಗೆ ಬಿಡು, ಹೇಳ್ತೀನಿ.”

“ನಮ್ಮಲ್ಲೂ ಹಾಗೇ. ದ್ರವ ಕ್ರೊಮ್ಯಾಟೋಗ್ರಫಿ ಅಂತಿದೆ. ಸಿರಪ್ಪನ್ನ ಒಂದು ಕೊಳವೆಯಲ್ಲಿ ಹಾಯಿಸಿದ್ರೆ ಅದರಲ್ಲಿರೋದೆಲ್ಲ ಬೇರೆಬೇರೆ ಆಗಿ ಹೊರಗೆ ಬರತ್ತೆ. ಕೊಳವೆ ಬಾಯಲ್ಲಿ ಪತ್ತೆಯಂತ್ರ ಕಾಯ್ತಿರತ್ತೆ. ಹೆಚ್ಚಾಗಿ ಇಡೋದು ನೇರಳಾತೀತ ಬೆಳಕಿಂದು, ಈ ಕಾಗದದಲ್ಲಿರೋದೂ ಅದೇ. ತುಂಬಾ ಚುರುಕು, ಚೂರು ಮದ್ದಿದ್ರೂ ಹಿಡಿಯತ್ತೆ. ಆದ್ರೆ ಆ ಬೆಳಕನ್ನ ಹೀರದೆ ಇರೋದು ಎದುರಿಗೇ ಹೋದ್ರೂ ಅದಕ್ಕೆ ಕಾಣಲ್ಲ. ಸಿರಪ್ಪಿನಲ್ಲಿ ಸಿಹಿಗೆ ಅಂತ ಹಾಕೋ ಗ್ಲಿಸರಿನ್ ಕಾಣಲ್ಲ. ಗ್ಲಿಸರಿನ್ ಬದಲು ಕಳ್ಳರು ಬೆರೆಸೋ ಡೈಎಥಿಲೀನ್ ಗ್ಲೈಕಾಲ್ ಕೂಡ ಕಾಣಲ್ಲ. ಅದೂ ಸಿಹಿನೇ. ಮಕ್ಕಳ ಮೂತ್ರಪಿಂಡ ಕೆಡಿಸಿಬಿಡತ್ತೆ.”

ಮೋಂಜಿಯಾ ಚಮಚ ಕೆಳಗಿಟ್ಟರು. “ಹಾಗಾದ್ರೆ ಯಾವುದಕ್ಕೆ ಕಾಣತ್ತೆ?”

“ಬೆಳಕು ಎಷ್ಟು ಬಾಗತ್ತೆ ಅಂತ ಅಳೆಯೋದು ಒಂದಿದೆ. ಸ್ವಲ್ಪ ಮಂದ, ಚೂರುಪಾರು ಇದ್ರೆ ಬಿಟ್ಬಿಡತ್ತೆ. ಆದ್ರೆ ಜಾಸ್ತಿ ಬೆರೆಸಿದ್ರೆ ಹಿಡಿಯತ್ತೆ. ಅಣುಗಳನ್ನ ತೂಗೋದು ಇನ್ನೂ ಖಚಿತ. ಅದರ ಬೆಲೆ ಮಾತ್ರ ಕೇಳಬೇಡಿ.”

“ಇದ್ರಲ್ಲಿ ಏನೂ ಇರಲ್ಲ ಬಿಡು.”

“ಇಲ್ದೇನೂ ಇರಬಹುದು. ನನಗೂ ಗೊತ್ತಿಲ್ಲ. ಗೊತ್ತಾಗೋವರೆಗೆ ಲೀನಾಗೆ ಬೇಡ.”

ಅಂದು ಔಷಧಿ ಅಂಗಡಿಯಿಂದ ಬೇರೆ ಸಿರಪ್ ಬಂತು. ಸಂತೆಯ ಬಾಟಲಿ ವಸೀಲಾಳ ಜೊತೆ ಹೋಯಿತು.

ನಾಲ್ಕು ದಿನದ ನಂತರ ಆಕೆ ಎರಡು ಹಾಳೆ ತಂದಳು. ನೇರಳಾತೀತ ಬೆಳಕಿನ ಮೊದಲನೆಯದರಲ್ಲಿ ಗೆರೆ ಒಂದೇ ಕಡೆ ದಿಬ್ಬವಾಗಿ ಎದ್ದಿತ್ತು, ಜ್ವರದ ಮದ್ದಿನದು. ಬೆಳಕಿನ ಬಾಗು ಅಳೆದ ಎರಡನೆಯದರಲ್ಲಿ ಮೂರು.

“ಇದು ಮದ್ದು. ಇದು ಸಕ್ಕರೆ.”

“ಇದು?”

“ಅದೇ ಖಾಲ್ತಿ, ಕಳ್ಳರು ಬೆರೆಸೋದು. ತೂಗೋ ಯಂತ್ರಾನೂ ಹೌದು ಅಂತು.”

ಮೋಂಜಿಯಾ ಮೂರನೆಯ ದಿಬ್ಬದ ಮೇಲೆ ಬೆರಳಿಟ್ಟರು. ಅಂಗಳದಲ್ಲಿ ಲೀನಾ ಹೂವು ಎರಚಿಕೊಂಡು ಕೂಗುತ್ತಿದ್ದಳು.

“ಮದ್ದಿಗಿಂತ ಇದೇ ಎತ್ತರ ಇದೆಯಲ್ಲೇ,” ಎಂದರು. ತಲೆಗೆ ಬಟ್ಟೆ ಹೊದ್ದು ಎದ್ದರು. “ನಡಿ, ಸಂತೆಗೆ ಹೋಗೋಣ. ಇದು ಇನ್ಯಾರ ಮನೆಗೆ ಹೋಗಿದೆಯೋ ಕೇಳ್ಬೇಕು.”

ನೀವೂ ಇವತ್ತೇ ಮನೆಯ ಸಿರಪ್ ಬಾಟಲಿಗಳನ್ನು ತೆಗೆದು ನೋಡಿ. ಪರವಾನಗಿ ಇರುವ ಅಂಗಡಿಯದಲ್ಲದಿದ್ದರೆ ಮಕ್ಕಳಿಗೆ ಕೊಡಬೇಡಿ. ಚೆಲ್ಲಲೂಬೇಡಿ, ಚೀಟಿ ಮತ್ತು ಬ್ಯಾಚ್ ಸಂಖ್ಯೆಯ ಸಮೇತ ಔಷಧ ನಿಯಂತ್ರಣ ಕಚೇರಿಗೆ ತಲುಪಿಸಿ. ಸಿರಪ್ ಕುಡಿದ ಮಗುವಿಗೆ ಮೂತ್ರ ಕಡಿಮೆಯಾದರೆ ಬಾಟಲಿಯೊಂದಿಗೆ ತಕ್ಷಣ ಆಸ್ಪತ್ರೆಗೆ ಹೋಗಿ. ಯಾರಾದರೂ ಪರೀಕ್ಷೆಯ ಕಾಗದ ತೋರಿಸಿದರೆ ಎರಡು ಮಾತು ಕೇಳಿ: ಏನನ್ನು ಹುಡುಕಿದಿರಿ? ಯಾವುದರಿಂದ ಹುಡುಕಿದಿರಿ?